ಗಣಕಯಂತ್ರದ ರೋಗನಿದಾನ

ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ ಎಂದು ಮೂರು ದಶಕಗಳಿಗೂ ಮಿಕ್ಕು ಪಾಠ ಹೇಳಿಕೊಂಡು ಬಂದವನೊಬ್ಬ ಗಣಕಯಂತ್ರದ ದುರಸ್ತಿಯ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ಕಮ್ಮಾರನ ಕುಲುಮೆಯ ಮುಂದೆ ಜೋಯಿಸರು ಕುಳಿತಂತೆ ಕಾಣಬಹುದು. ಆದರೂ ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಹೊಸದಾಗಿ ಜೋಡಿಸಿದ ಒಂದು ಯಂತ್ರ ನಮ್ಮ ಮನೆಯಲ್ಲಿ ಒಂಬತ್ತು ದಿನ ಮೂಕವಾಗಿ ಕುಳಿತಿತ್ತು. ಆ ಒಂಬತ್ತು ದಿನಗಳಲ್ಲಿ ನಾನು ಯಂತ್ರದ ವಿಷಯವಾಗಿ ಒಂದಿಷ್ಟನ್ನೂ ನನ್ನ ವಿಷಯವಾಗಿ ಅದಕ್ಕಿಂತ ತುಸು ಹೆಚ್ಚನ್ನೂ ಕಲಿತೆ.

ಮೊದಲು ಸಂದರ್ಭವನ್ನು ಹೇಳಬೇಕು. ಕನಕಪುರ, ರಾಮನಗರದ ಕಡೆಯ ಹಳ್ಳಿಗಳಲ್ಲಿ ತಿರುಗಿ, ಬೇಸಾಯದವರ ಬಾಯಿಂದ ಕೇಳಿದ ಮಾತುಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಳ್ಳುವ ಹವ್ಯಾಸ ನನಗೆ ತರುಣನಾಗಿದ್ದಾಗಿನಿಂದ ಇತ್ತು. ನೇಗಿಲಿನ ಮೇಣಿ, ಈಚು, ಬೆಣೆ. ಕೂರಿಗೆ, ಹಲುಬೆ, ಕುಂಟೆ. ಮಣ್ಣಿನ ಬಣ್ಣ, ಮಳೆಯ ಬಗೆ - ಹೀಗೆ ಹನ್ನೊಂದು ಸಾವಿರದಷ್ಟು ಚೀಟಿಗಳಾಗಿದ್ದುವು. ಅವುಗಳನ್ನೆಲ್ಲ ಹಲವು ವರ್ಷ ಕುಳಿತು ಹಳೆಯ ಗಣಕಯಂತ್ರವೊಂದರಲ್ಲಿ ಬೆರಳಚ್ಚು ಮಾಡಿದ್ದೆ. ಚೀಟಿಗಳ ಪೆಟ್ಟಿಗೆಗಳು ಗೆದ್ದಲಿಗೆ ಆಹುತಿಯಾದುವು. ಉಳಿದದ್ದು ಯಂತ್ರದ ಒಡಲಿನಲ್ಲಿದ್ದ ಪ್ರತಿಯೊಂದೇ. ಆ ಯಂತ್ರದ ಹಾರ್ಡ್ ಡಿಸ್ಕು ಈಚೆಗೆ ಟಕಟಕನೆ ಸದ್ದುಮಾಡತೊಡಗಿತ್ತು. ಅಂಥ ಸದ್ದು ತಿರುಗುವ ತಟ್ಟೆಯ ಮೇಲಿನ ಓದುಮುಳ್ಳು ದಾರಿ ತಪ್ಪುತ್ತಿರುವುದರ ಸೂಚನೆ. ನನಗೆ ಪದಗಳನ್ನು ಕೊಟ್ಟ ಅಜ್ಜಂದಿರಲ್ಲಿ ಇಂದು ಒಬ್ಬರೂ ಇಲ್ಲ. ತಟ್ಟೆ ನಿಂತರೆ ಅವರ ಮಾತೂ ನಿಂತಂತೆಯೇ.

ಜೆ.ಪಿ. ನಗರದಲ್ಲಿರುವ ನನ್ನ ಸೋದರಳಿಯ ಇದನ್ನು ಕೇಳಿ, "ಮಾವ, ಹೊಸದನ್ನು ಜೋಡಿಸೋಣ. ಸಿದ್ಧವಾದದ್ದನ್ನು ಕೊಳ್ಳುವುದಕ್ಕಿಂತ ಒಳ್ಳೆಯ ಸಾಮಾನು ಅದೇ ಹಣಕ್ಕೆ ಬರುತ್ತದೆ" ಎಂದ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯನ್ನು, ಎಂದರೆ ಸಾದರ ಪತ್ರಪ್ಪ ರಸ್ತೆಯನ್ನು, ಪರಿಚಯಿಸಬೇಕಾಗಿಲ್ಲ. ಪುರಭವನದ ಹಿಂದಿನ ಆ ಇಕ್ಕಟ್ಟಾದ ಬೀದಿಯಲ್ಲಿ ಗಣಕದ ಅಂಗಾಂಗಗಳು ತರಕಾರಿಯಂತೆ ಬಿಡಿಬಿಡಿಯಾಗಿ ದೊರೆಯುತ್ತವೆ. ಒಂದು ಶನಿವಾರ ಅಳಿಯ ಅವುಗಳನ್ನೆಲ್ಲ ಜಯನಗರದ ನಮ್ಮ ಮನೆಗೆ ತಂದು ನಡುಮನೆಯ ಮೇಜಿನ ಮೇಲೆ ಹರವಿದ.

ಆ ಅಂಗಗಳನ್ನು ಒಮ್ಮೆ ಪರಿಚಯ ಮಾಡಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆಗೆ ಅಂಗಡಿಬೀದಿಯಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಅದು ಯಂತ್ರದ ಜಠರ. ಲೆಕ್ಕ ಮಾಡುವ ಪ್ರೊಸೆಸರು ಮಿದುಳು. ರ‍್ಯಾಮ್ ಎಂಬುದು ತತ್ಕಾಲದ ನೆನಪು. ಕರೆಂಟು ಹೋದೊಡನೆ ಅದು ಎಲ್ಲವನ್ನೂ ಮರೆಯುತ್ತದೆ. ಮರೆಯದ ನೆನಪು ಡಿಸ್ಕಿನದು. ಇವೆಲ್ಲವನ್ನೂ ತನ್ನ ಮೇಲೆ ಹೊತ್ತು, ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಹಲಗೆಯೇ ಮದರ್‌ಬೋರ್ಡು. ಪ್ರೊಸೆಸರು ಕಾಯುತ್ತದೆಯಾದ ಕಾರಣ ಅದರ ನೆತ್ತಿಯ ಮೇಲೆ ಕೂಲರೊಂದನ್ನು ನಾಲ್ಕು ಸ್ಕ್ರೂಗಳಿಂದ ಬಿಗಿಯುತ್ತಾರೆ. ಎರಡರ ನಡುವೆ ಶಾಖ ಸರಾಗವಾಗಿ ಹರಿಯಲೆಂದು ಗಂಧದಂಥ ಒಂದು ಲೇಪವನ್ನು ಬಳಿಯುತ್ತಾರೆ.

ಜೋಡಣೆ ಮುಗಿಯಿತು. ಗುಂಡಿ ಒತ್ತಿದ್ದಾಯಿತು. ದೀಪ ಬೆಳಗಿತು, ಫ್ಯಾನು ತಿರುಗಿತು, ತೆರೆ ಮಾತ್ರ ಕಪ್ಪಾಗಿಯೇ ಉಳಿಯಿತು. ಅಳಿಯ ರಾತ್ರಿ ಹನ್ನೊಂದರವರೆಗೆ ಹೆಣಗಿ, ಬಾಡಿದ ಮುಖದಿಂದ ಮನೆಗೆ ಹೋದ. ಮರುದಿನ ನಾನು ಅಂಗಡಿಗೆ ದೂರವಾಣಿ ಮಾಡಿದೆ. ಯಂತ್ರವನ್ನು ಕಣ್ಣಿನಿಂದಲೂ ನೋಡದ ಅಂಗಡಿಯವರು, "ಬೋರ್ಡು ಹೋಗಿದೆ ಸಾರ್, ಹುಡುಗರು ಜೋಡಿಸುವಾಗ ಹಾಳುಮಾಡುತ್ತಾರೆ" ಎಂದು ತೀರ್ಪು ಕೊಟ್ಟುಬಿಟ್ಟರು. ನಾನು ಅದನ್ನು ವೇದವಾಕ್ಯದಂತೆ ನಂಬಿ ಅಳಿಯನಿಗೆ ಹೇಳಬಾರದ ಮಾತನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಮಾವ, ಬೋರ್ಡಿನ ದುಡ್ಡು ನಾನೇ ಕೊಡುತ್ತೇನೆ" ಎಂದ. ಕೆಲಸಕ್ಕೆ ಸೇರಿ ಇನ್ನೂ ನಾಲ್ಕು ತಿಂಗಳಾಗದ ಹುಡುಗ.

ನಮ್ಮ ಎದುರುಮನೆಯಲ್ಲಿ ದೂರವಾಣಿ ಕಾರ್ಖಾನೆಯ ಪರೀಕ್ಷಾವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಷಯ ತಿಳಿದು ಒಂದು ಸಂಜೆ ಬಂದರು. ನಾನು ದೂರನ್ನೆಲ್ಲ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಬೋರ್ಡು ಹೋಗಿದೆ ಎಂದಿರಲ್ಲ, ಅದು ನೀವು ಕಂಡದ್ದೋ, ಊಹಿಸಿದ್ದೋ?"

ನನ್ನ ಬಳಿ ಉತ್ತರವಿರಲಿಲ್ಲ. ಎಷ್ಟು ವರ್ಷ ತರಗತಿಯಲ್ಲಿ ನಾನೇ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ಹಾಕಿದ್ದೆನೋ! ತಾಳೆಯೋಲೆಯ ಪ್ರತಿಯೊಂದರಲ್ಲಿ ಪಾಠ ಕೆಟ್ಟಿದ್ದರೆ, ಕವಿಯೇ ತಪ್ಪು ಬರೆದನೆಂದು ಹೇಳಬಾರದು. ಪ್ರತಿಕಾರನ ಕೈತಪ್ಪೋ, ಓಲೆ ಮುರಿದದ್ದೋ, ಓದುವವನ ಕಣ್ಣಿನ ದೋಷವೋ ಎಂದು ಒಂದೊಂದಾಗಿ ತಳ್ಳಿಹಾಕುತ್ತ ಬರಬೇಕು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿಸಿದವನು ನಾನು. ಗ್ರಂಥಕ್ಕೆ ತೋರಿಸಿದ ಈ ಸಂಯಮವನ್ನು ನನ್ನ ಅಳಿಯನಿಗೆ ತೋರಿಸಿರಲಿಲ್ಲ.

ಹಿರಿಯರು ಹೇಳಿದ ಮೊದಲ ನಿಯಮ ಇದು: ರೋಗವನ್ನು ಹೆಸರಿಸುವ ಮೊದಲು ಲಕ್ಷಣವನ್ನು ಹೆಸರಿಸಿರಿ. "ಕೆಟ್ಟಿದೆ" ಎಂಬುದು ಲಕ್ಷಣವಲ್ಲ. ಹೊಸ ಗಣಕದ ಕಾಯಿಲೆಗಳೆಲ್ಲ ಹೆಚ್ಚುಕಡಿಮೆ ಮೂರು ಬಗೆಯವು. ಗುಂಡಿ ಒತ್ತಿದರೆ ಏನೂ ಆಗದಿರುವುದು ಒಂದು. ಜೀವವಿದ್ದೂ ತೆರೆ ಕಾಣದಿರುವುದು ಎರಡು. ಎಲ್ಲವೂ ಕಂಡು, ನಡುವೆ ಕುಸಿಯುವುದು ಮೂರು. ಮೂರಕ್ಕೂ ಹುಡುಕುವ ದಾರಿ ಬೇರೆಬೇರೆ.

ಮೊದಲನೆಯ ಬಗೆಯಲ್ಲಿ ಪರೀಕ್ಷೆ ಗೋಡೆಯಿಂದ ಪ್ರಾರಂಭವಾಗಬೇಕು. ಗೋಡೆಯ ಸ್ವಿಚ್ಚು, ತಂತಿ, ಎಸ್‌ಎಂಪಿಎಸ್ಸಿನ ಬೆನ್ನಿಗಿರುವ ಪುಟ್ಟ ಸ್ವಿಚ್ಚು - ಇವನ್ನು ನೋಡದೆ ಪೆಟ್ಟಿಗೆ ಬಿಚ್ಚಿದವರು ಅನೇಕರು. ಬಳಿಕ ಬೋರ್ಡಿಗೆ ಹೋಗುವ 24 ಮುಳ್ಳಿನ ದೊಡ್ಡ ಜೋಡಣೆ ಕಚ್ಚಿಕೊಂಡಿದೆಯೆ ಎಂದು ನೋಡಬೇಕು. ಮುಂಭಾಗದ ಗುಂಡಿಯಿಂದ ಬರುವ ಸಣ್ಣ ತಂತಿಗಳನ್ನು ತಪ್ಪು ಮುಳ್ಳಿಗೆ ಸಿಕ್ಕಿಸಿದ್ದರೂ ಯಂತ್ರ ಏಳುವುದಿಲ್ಲ. ಹಾಗಿದ್ದಲ್ಲಿ ಬೋರ್ಡಿನ ಮೇಲಿನ ಆ ಎರಡು ಮುಳ್ಳುಗಳನ್ನೇ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಬಹುದು. ಯಂತ್ರ ಎದ್ದರೆ ದೋಷ ಗುಂಡಿಯದು, ಬೋರ್ಡಿನದಲ್ಲ. ಕ್ಯಾಬಿನೆಟ್ಟಿನ ತಗಡಿಗೂ ಬೋರ್ಡಿಗೂ ನಡುವೆ ಹಿತ್ತಾಳೆಯ ಸಣ್ಣ ಕಂಬಗಳಿರುತ್ತವೆ. ಅವು ತಪ್ಪಿದ ಜಾಗದಲ್ಲಿದ್ದರೆ ಬೋರ್ಡಿನ ಬೆನ್ನು ಲೋಹಕ್ಕೆ ತಗುಲಿ ಷಾರ್ಟ್ ಆಗುವುದೂ ಉಂಟು.

ಎರಡನೆಯ ಬಗೆ ನಮ್ಮದು. ಇಲ್ಲಿಯೂ ಸುಲಭವಾದುದರಿಂದ ಕಷ್ಟವಾದುದಕ್ಕೆ ಹೋಗಬೇಕು. ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡಿರುವ ಯಂತ್ರದಲ್ಲಿ ಮಾನಿಟರಿನ ತಂತಿಯನ್ನು ಆ ಕಾರ್ಡಿಗೇ ಸಿಕ್ಕಿಸಬೇಕು. ಬೋರ್ಡಿನ ತೂತಿಗೆ ಸಿಕ್ಕಿಸಿ, ಕತ್ತಲೆಯನ್ನು ನೋಡುತ್ತ ಕುಳಿತವರ ಕಥೆಗಳು ಬೇಕಾದಷ್ಟಿವೆ. ಪ್ರೊಸೆಸರಿಗೆಂದೇ ಬೋರ್ಡಿನ ಮೂಲೆಯಲ್ಲಿ ಸಾಮಾನ್ಯವಾಗಿ 8 ಮುಳ್ಳಿನ ಬೇರೊಂದು ಜೋಡಣೆಯಿದೆ. ಅದನ್ನು ಮರೆತರೆ ಫ್ಯಾನೆಲ್ಲ ತಿರುಗಿದರೂ ಮಿದುಳಿಗೆ ಅನ್ನವಿರುವುದಿಲ್ಲ. ರ‍್ಯಾಮಿನ ಪಟ್ಟಿಗಳು ಎರಡೂ ತುದಿಯಲ್ಲಿ ಟಕ್ಕೆಂದು ಕೂರಬೇಕು. ಹೊಸ ಬಗೆಯ ಡಿಡಿಆರ್5 ರ‍್ಯಾಮಾದರೆ ಮೊದಲ ಬಾರಿ ಬೋರ್ಡು ಅದರೊಡನೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುವುದೂ ಉಂಟು. ಆಗ ತೆರೆ ಕಪ್ಪಾಗಿಯೇ ಇರುತ್ತದೆ. ತಾಳ್ಮೆಗೆಟ್ಟು ಆರಿಸಿದವನು ಕೆಲಸವನ್ನು ಮೊದಲಿನಿಂದ ಪ್ರಾರಂಭಿಸಿದಂತಾಯಿತು. ಪ್ರೊಸೆಸರು ಬೋರ್ಡಿಗಿಂತ ಹೊಸ ಪೀಳಿಗೆಯದಾಗಿದ್ದರೆ, ಬೋರ್ಡಿನ ಮೂಲತಂತ್ರಾಂಶವಾದ ಬಯೋಸನ್ನು ಹೊಸದುಮಾಡದ ಹೊರತು ಅದು ಪ್ರೊಸೆಸರನ್ನು ಗುರುತಿಸದಿರಬಹುದು. ಹಿಂದಿನ ಹೊಂದಾಣಿಕೆಗಳು ಕೆಟ್ಟಿವೆಯೆಂಬ ಅನುಮಾನವಿದ್ದರೆ, ಬೋರ್ಡಿನ ಮೇಲಿರುವ 3 ವೋಲ್ಟಿನ ಗುಂಡು ಬ್ಯಾಟರಿಯನ್ನು, ವಿದ್ಯುತ್ತನ್ನು ಪೂರ್ತಿ ಕಡಿದ ಮೇಲೆ, ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಅವು ಅಳಿಸಿಹೋಗುತ್ತವೆ.

ಈಚಿನ ಅನೇಕ ಬೋರ್ಡುಗಳಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಚಿತ್ರಕ್ಕೊಂದು, ಡಿಸ್ಕಿಗೊಂದು. ಯಂತ್ರ ಏಳುವಾಗ ಇವನ್ನು ಒಂದಾದ ಮೇಲೊಂದರಂತೆ ಬೆಳಗಿ ಆರಿಸುತ್ತ ಹೋಗುತ್ತದೆ. ಎಲ್ಲಿ ಆರದೆ ನಿಂತಿತೋ ಅಲ್ಲಿ ತೊಡಕು. ನಮ್ಮ ಯಂತ್ರದಲ್ಲಿ ರ‍್ಯಾಮಿನ ದೀಪ ಆರದೆ ನಿಂತಿತ್ತು.

"ಹಾಗಾದರೆ ರ‍್ಯಾಮೇ ಕೆಟ್ಟಿದೆ" ಎಂದೆ ನಾನು. ಹಿರಿಯರು ನಕ್ಕರು. "ಮತ್ತೆ ಆತುರಪಟ್ಟಿರಿ. ದೀಪ ಹೇಳುವುದು ರ‍್ಯಾಮಿನ ಹಂತದಲ್ಲಿ ನಿಂತಿದೆ ಎಂದು. ರ‍್ಯಾಮು ಕೆಟ್ಟಿದೆ ಎಂದಲ್ಲ."

ನಮ್ಮ ಪ್ರಾಚೀನ ತರ್ಕದಲ್ಲಿ ಅನ್ವಯ ವ್ಯತಿರೇಕಗಳೆಂಬ ಜೋಡಿಯೊಂದಿದೆ. ಒಂದು ವಸ್ತು ಇದ್ದಾಗ ಕಾರ್ಯವೂ ಇರುವುದು ಅನ್ವಯ. ಅದಿಲ್ಲದಾಗ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಕಾರಣ ಸಿದ್ಧಿಸುತ್ತದೆ, ಒಂದರಿಂದಲೇ ಸಾಲದು. ಕಾರ್ಖಾನೆಯವರು ಪ್ರತಿದಿನ ಮಾಡುವುದೂ ಇದನ್ನೇ, ಹೆಸರು ಮಾತ್ರ ಬೇರೆ. ಇಲ್ಲಿ ಮೀರಬಾರದ ಕಟ್ಟಳೆಯೊಂದಿದೆ: ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿ ಗುಣ ಕಂಡರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಪ್ರತಿಯೊಂದು ಪ್ರಯೋಗವನ್ನೂ ಕಾಗದದ ಮೇಲೆ ಬರೆದಿಡಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಿರ್ಮಾಣಗೊಂಡ ಮಾರ್ಕ್ 2 ಎಂಬ ಗಣಕದಲ್ಲಿ 1947ರ ಸೆಪ್ಟೆಂಬರಿನಲ್ಲಿ ಒಂದು ಪತಂಗ ಸಿಕ್ಕಿಕೊಂಡು ಕೆಲಸ ಕೆಟ್ಟಿತ್ತು. ಅಲ್ಲಿನವರು ಆ ಹುಳುವನ್ನೇ ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಯಂತ್ರದ ದೋಷಕ್ಕೆ 'ಬಗ್' ಎನ್ನುವ ವಾಡಿಕೆ ಅದಕ್ಕೂ ಹಿಂದಿನದಾದರೂ, ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ದಾಖಲಿಸಿದ ಆ ಶಿಸ್ತು ನೆನಪಿಡತಕ್ಕದ್ದು.

ನಾವೂ ಒಂದು ನೋಟ್‌ಬುಕ್ಕು ತೆರೆದೆವು. ಪ್ರತಿ ಸಲವೂ ಗೋಡೆಯಿಂದ ತಂತಿ ಕಿತ್ತು, ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬರಿದುಮಾಡಿಯೇ ಒಳಗೆ ಕೈಯಿಟ್ಟೆವು. ಯಂತ್ರ ಆರಿದ್ದರೂ ತಂತಿಯಿರುವವರೆಗೆ ಬೋರ್ಡಿಗೆ 5 ವೋಲ್ಟು ಹರಿಯುತ್ತಲೇ ಇರುತ್ತದೆಂಬುದು ನನಗೆ ಆಗ ತಿಳಿಯಿತು. ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನಂತೂ ಮನೆಯಲ್ಲಿ ಯಾರೂ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಲ್ಲದು.

ನಮ್ಮ ಬೋರ್ಡಿನಲ್ಲಿ ರ‍್ಯಾಮಿಗೆ ನಾಲ್ಕು ಮನೆಗಳು. ಎರಡು ಪಟ್ಟಿಗಳಿದ್ದರೆ ಬೋರ್ಡಿನ ಕೈಪಿಡಿಯಂತೆ ಎರಡನೆಯ ಹಾಗೂ ನಾಲ್ಕನೆಯ ಮನೆಯಲ್ಲಿಡಬೇಕು. ಅಳಿಯ ಹಾಗೆಯೇ ಇಟ್ಟಿದ್ದ. ಮೊದಲು ಎರಡನ್ನೂ ತೆಗೆದು, ಒಂದನೆಯ ಪಟ್ಟಿಯನ್ನು ಮಾತ್ರ ಎರಡನೆಯ ಮನೆಯಲ್ಲಿಟ್ಟೆವು. ತೆರೆ ಬೆಳಗಿತು! ಒಂಬತ್ತು ದಿನಗಳ ಮೌನ ಮುರಿಯಿತು. ಹಾಗಾದರೆ ಎರಡನೆಯ ಪಟ್ಟಿ ಕೆಟ್ಟಿರಬೇಕಲ್ಲವೆ? ಅದನ್ನು ಅದೇ ಮನೆಯಲ್ಲಿಟ್ಟೆವು. ಆಗಲೂ ತೆರೆ ಬೆಳಗಿತು. ಪಟ್ಟಿಗಳೆರಡೂ ನಿರ್ದೋಷಿಗಳು. ಮುಂದೆ ಒಂದನೆಯ ಪಟ್ಟಿಯನ್ನು ನಾಲ್ಕನೆಯ ಮನೆಗೆ ಹಾಕಿದೆವು: ಕತ್ತಲೆ. ಎರಡನೆಯದನ್ನು ಅಲ್ಲಿಗೆ ಹಾಕಿದೆವು: ಮತ್ತೆ ಕತ್ತಲೆ. ನಾಲ್ಕು ಪ್ರಯೋಗಗಳಲ್ಲಿ ಅಪರಾಧ ನಾಲ್ಕನೆಯ ಮನೆಗೆ ಬಂದು ನಿಂತಿತು.

ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಮನೆಯಿರುವುದು ಬೋರ್ಡಿನ ಮೇಲೆ. ಆದಕಾರಣ ಬೋರ್ಡೇ ಕೆಟ್ಟಿದೆ. ನನ್ನ ಕೋಪ ನ್ಯಾಯವಾದದ್ದು. ಆದರೆ ಹಿರಿಯರು ಬಿಡಲಿಲ್ಲ. "ಆ ಮನೆಯ ದಾರಿ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರು. ರ‍್ಯಾಮನ್ನು ಆಳುವ ಅಧಿಕಾರಿ ಹಿಂದೆ ಬೋರ್ಡಿನ ಮೇಲೆ ಬೇರೆಯಾಗಿ ಇರುತ್ತಿದ್ದ. ಈಗ ಅವನು ಪ್ರೊಸೆಸರಿನ ಒಳಗೇ ವಾಸ. ಪ್ರೊಸೆಸರು ತನ್ನ ಪೀಠದ ಮೇಲೆ ಕೂತು, ಕೂದಲಿನಂಥ 1,700 ಅಥವಾ ಅದಕ್ಕೂ ಮಿಕ್ಕ ಸ್ಪರ್ಶಬಿಂದುಗಳ ಮೂಲಕ ಬೋರ್ಡಿನೊಡನೆ ಮಾತನಾಡುತ್ತದೆ. ಅವುಗಳಲ್ಲಿ ಕೆಲವು ಮುಟ್ಟಬೇಕಾದಲ್ಲಿ ಮುಟ್ಟದಿದ್ದರೆ, ಆ ದಾರಿಯ ಕೊನೆಯಲ್ಲಿರುವ ರ‍್ಯಾಮಿನ ಮನೆ ಕೆಟ್ಟಂತೆ ತೋರುತ್ತದೆ. ನೋವು ಕಾಲಿನಲ್ಲಿ, ರೋಗ ಬೆನ್ನಿನಲ್ಲಿ ಎಂದು ವೈದ್ಯರು ಹೇಳುವುದಿಲ್ಲವೆ, ಹಾಗೆ. ಪೀಠದ ಮುಳ್ಳು ಬಾಗಿದ್ದರೆ ಹೀಗಾಗುತ್ತದೆ. ಮೇಲಿನ ಕೂಲರು ಒಂದು ಪಕ್ಕಕ್ಕೆ ಹೆಚ್ಚು ಅದುಮಿದ್ದರೂ ಹೀಗಾಗಬಹುದು.

ಕೂಲರನ್ನು ಬಿಚ್ಚಿದೆವು. ಪ್ರೊಸೆಸರಿನ ಮೇಲಿನ ಲೇಪ ಸಾಕ್ಷಿ ಹೇಳಿತು. ಒಂದು ಪಕ್ಕದಲ್ಲಿ ಅದು ಒತ್ತಿ ಒತ್ತಿ ಲೋಹ ಕಾಣುವಷ್ಟು ತೆಳುವಾಗಿತ್ತು. ಇನ್ನೊಂದು ಪಕ್ಕದಲ್ಲಿ ಬೆಣ್ಣೆ ಮೆತ್ತಿದಂತೆ ದಪ್ಪವಾಗಿತ್ತು. ಒಂದು ಪಕ್ಕದ ಎರಡು ಸ್ಕ್ರೂಗಳನ್ನು ಯಾರೋ ಕೊನೆಯವರೆಗೆ ಬಿಗಿದ ಬಳಿಕ, ಇನ್ನೊಂದು ಪಕ್ಕದವನ್ನು ಹಾಕಲಾಗಿತ್ತು.

ಯಾರೋ ಅಲ್ಲ. ನನಗೆ ಆ ಶನಿವಾರದ ಮಧ್ಯಾಹ್ನ ಥಟ್ಟನೆ ನೆನಪಾಯಿತು. ಅಳಿಯನಿಗೆ ಯಾರದೋ ಕರೆ ಬಂದು ಅವನು ಅಂಗಳಕ್ಕೆ ಹೋಗಿದ್ದ. ಮೇಜಿನ ಮೇಲೆ ಸ್ಕ್ರೂಡ್ರೈವರು ಇತ್ತು. ನನ್ನ ಯಂತ್ರಕ್ಕೆ ನನ್ನ ಕೈಯೂ ಒಂದಿಷ್ಟು ಸೋಕಲಿ ಎಂಬ ಹುರುಪಿನಲ್ಲಿ, ಹತ್ತಿರವಿದ್ದ ಎರಡು ಸ್ಕ್ರೂಗಳನ್ನು ನಾನೇ ಬಲವಿದ್ದಷ್ಟೂ ತಿರುಗಿಸಿದ್ದೆ. ಬಿಗಿ ಹೆಚ್ಚಾದಷ್ಟೂ ಭದ್ರವೆಂಬುದು ನನ್ನ ತಿಳಿವಳಿಕೆ. ಅಳಿಯ ಬಂದು, ಉಳಿದೆರಡನ್ನು ಹಾಕಿ ಮುಂದಿನ ಕೆಲಸಕ್ಕೆ ತೊಡಗಿದ. ಅವನಿಗೆ ನಾನದನ್ನು ಹೇಳಿರಲಿಲ್ಲ. ಹೇಳುವಂಥ ವಿಷಯವೆಂದೂ ನನಗೆ ತೋರಿರಲಿಲ್ಲ.

ಪ್ರೊಸೆಸರನ್ನು ಎತ್ತಿ, ಪೀಠದ ಮುಳ್ಳುಗಳನ್ನು ಭೂತಗನ್ನಡಿಯಲ್ಲಿ ನೋಡಿದೆವು. ದೈವವಶಾತ್ ಒಂದೂ ಬಾಗಿರಲಿಲ್ಲ. ಬಾಗಿದ್ದರೆ ಗ್ಯಾರಂಟಿಯೂ ಸಾಮಾನ್ಯವಾಗಿ ಸಲ್ಲುವುದಿಲ್ಲ. ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಹೊಸದನ್ನು ಬಟಾಣಿಯಷ್ಟು ಇಟ್ಟು, ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಎದುರುಬದುರಾಗಿ, ಪ್ರತಿಯೊಂದಕ್ಕೂ ಒಂದೆರಡು ಸುತ್ತು ಮಾತ್ರ ಕೊಡುತ್ತ ಬಂದೆವು. ಕಾರಿನ ಚಕ್ರ ಬಿಗಿಯುವವರು ಮಾಡುವುದೂ ಹೀಗೆಯೇ. ಎರಡೂ ಪಟ್ಟಿಗಳನ್ನು ಅವವುಗಳ ಮನೆಯಲ್ಲಿಟ್ಟು ಗುಂಡಿ ಒತ್ತಿದೆವು. ದೀಪಗಳು ಒಂದಾದ ಮೇಲೊಂದು ಆರಿದುವು; ತೆರೆ ಬೆಳಗಿತು. ಹೊಸದಾಗಿ ಕೊಂಡದ್ದು ಒಂದು ಸಣ್ಣ ಕೊಳವೆ ಲೇಪ ಮಾತ್ರ.

ನನಗೆ ಆಗ ನೆನಪಾದದ್ದು ಒಬ್ಬ ರೈತ ಬಹಳ ಹಿಂದೆ ಹೇಳಿದ ಮಾತು. ನೇಗಿಲು ಹದವಾಗಿ ಊರದಿದ್ದರೆ ಎತ್ತನ್ನು ಬಯ್ಯಬಾರದು, ನೇಗಿಲನ್ನು ಎಸೆಯಬಾರದು, ಮೊದಲು ಬೆಣೆ ನೋಡಬೇಕು ಎಂದು. 'ಬೆಣೆ' ಎಂಬ ಚೀಟಿಯ ಕೆಳಗೆ ಅದನ್ನು ಬರೆದುಕೊಂಡವನು ನಾನೇ.

ಮೂರನೆಯ ಬಗೆಯ ಕಾಯಿಲೆಯನ್ನು ಕುರಿತು ಎರಡು ಮಾತು ಹೇಳಿ ಮುಗಿಸುತ್ತೇನೆ. ಎದ್ದ ಯಂತ್ರ ನಡುವೆ ಕುಸಿದರೆ ಮೊದಲು ಶಾಖವನ್ನು ನೋಡಬೇಕು. ಪ್ರೊಸೆಸರು ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಯಂತ್ರವೇ ಆರುತ್ತದೆ. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಎರಡನೆಯದಾಗಿ, ರ‍್ಯಾಮನ್ನು ಪರೀಕ್ಷಿಸಬೇಕು. ಅದಕ್ಕೆಂದೇ ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವಿದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗಿಗೆ ಫಲ ತಿಳಿಯುತ್ತದೆ. ಒಂದು ತಪ್ಪು ತೋರಿದರೂ ಆ ಯಂತ್ರವನ್ನು ನಂಬಬಾರದು, ಏಕೆಂದರೆ ಕೆಟ್ಟ ರ‍್ಯಾಮು ಸದ್ದಿಲ್ಲದೆ ಅಕ್ಷರಗಳನ್ನು ಬದಲಿಸಿ ಡಿಸ್ಕಿಗೆ ಬರೆಯಬಲ್ಲದು. ಪ್ರತಿಕಾರನ ಕೈತಪ್ಪಿಗೆ ಇದಕ್ಕಿಂತ ಘೋರವಾದ ಉದಾಹರಣೆ ಬೇಡ. ಮೂರನೆಯದು ವಿದ್ಯುತ್ತು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿಯೇ ದೀಪ ಕಂಡ ನಗರ ನಮ್ಮದು. ಆದರೂ ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗಿನ ಮೂರನೆಯ ತೂತಿಗೆ, ಎಂದರೆ ಅರ್ಥಿಂಗಿಗೆ, ತಂತಿಯೇ ಇಲ್ಲದಿರುವುದುಂಟು. ಹಾಗಿದ್ದಾಗ ಕ್ಯಾಬಿನೆಟ್ಟನ್ನು ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ಸಿನ ಒಳಗಿರುವ ಶೋಧಕದ ಮೂಲಕ ಸೋರಿದ ಅಲ್ಪ ವಿದ್ಯುತ್ತು, ನೆಲಕ್ಕೆ ದಾರಿ ಕಾಣದೆ ತಗಡಿನಲ್ಲಿ ನಿಲ್ಲುವುದರಿಂದ ಹಾಗಾಗುತ್ತದೆ. ಇದನ್ನು ಹೊಸ ಯಂತ್ರದ ದೋಷವೆಂದು ಅಂಗಡಿಗೆ ಹೊರುವ ಮುನ್ನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗು ನೋಡಿಸುವುದು ಯಂತ್ರಕ್ಕೂ ಮನೆಯವರ ಪ್ರಾಣಕ್ಕೂ ಕ್ಷೇಮ.

ಮೆಮ್‌ಟೆಸ್ಟ್ ರಾತ್ರಿಯೆಲ್ಲ ಓಡಿ ಒಂದೂ ತಪ್ಪು ತೋರದ ಮೇಲೆ ಹಳೆಯ ಡಿಸ್ಕನ್ನು ಹೊಸ ಯಂತ್ರಕ್ಕೆ ತಗುಲಿಸಬೇಕಿತ್ತು. ಅದಕ್ಕೆ ಮೊದಲು ನಾನು ಮಾಡಬೇಕಾದ ಕೆಲಸ ಬೇರೊಂದಿತ್ತು. ಬೆಳಗ್ಗೆಯೇ ಜೆ.ಪಿ. ನಗರಕ್ಕೆ ಹೋದೆ. ದೂರವಾಣಿಯಲ್ಲಿ ಬಯ್ದದ್ದನ್ನು ದೂರವಾಣಿಯಲ್ಲೇ ಹಿಂದಕ್ಕೆ ಪಡೆಯಬಾರದೆಂದು ನನಗೆ ತೋರಿತು. ನಡೆದದ್ದನ್ನೆಲ್ಲ ನೋಟ್‌ಬುಕ್ಕಿನ ಸಮೇತ ಅಳಿಯನ ಮುಂದಿಟ್ಟು, "ತಪ್ಪು ನನ್ನದು ಕಣಪ್ಪ" ಎಂದೆ. ಅವನು ಪುಟಗಳನ್ನು ತಿರುವಿ ನೋಡಿ, "ಮಾವ, ಆ ಎರಡು ಸ್ಕ್ರೂಗಳನ್ನು ನಾನೂ ಇನ್ನೊಂದು ಸಲ ನೋಡಬೇಕಾಗಿತ್ತು" ಎಂದಷ್ಟೇ ಹೇಳಿದ. ಆ ಭಾನುವಾರ ಅವನೇ ಬಂದು ಹಳೆಯ ಡಿಸ್ಕಿನಿಂದ ಪದಗಳನ್ನೆಲ್ಲ ಇಳಿಸಿಕೊಟ್ಟ. ಹಳೆಯ ಫಾಂಟಿನಲ್ಲಿದ್ದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದ. ಈಗ ಅವು ಮೂರು ಕಡೆ ಇವೆ. ಒಂದು ಪ್ರತಿ ಅವನ ಮನೆಯಲ್ಲಿದೆ.

ಯಂತ್ರ ಕೆಟ್ಟಾಗ ಮನಸ್ಸು ಮೊದಲು ಹುಡುಕುವುದು ಕಾರಣವನ್ನಲ್ಲ, ಅಪರಾಧಿಯನ್ನು. ಅಪರಾಧಿ ಸಿಕ್ಕೊಡನೆ ಹುಡುಕಾಟ ನಿಂತುಹೋಗುತ್ತದೆ. ನಿಮ್ಮ ಮನೆಗೂ ನಾಳೆ ಹೊಸ ಗಣಕವೊಂದು ಬಂದೀತು, ಗುಂಡಿ ಒತ್ತಿದರೆ ಏಳದೆ ಕೂತೀತು. ಆಗ ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಳ್ಳಿರಿ. ಕಂಡದ್ದನ್ನು ಬರೆಯಿರಿ, ಒಮ್ಮೆಗೆ ಒಂದನ್ನೇ ಬದಲಿಸಿರಿ. ಜೋಡಿಸಿದವರಿಗೆ ದೂರವಾಣಿ ಮಾಡುವುದೇ ಆದರೆ, ಲಕ್ಷಣವನ್ನು ಹೇಳಲು ಮಾಡಿರಿ. ತೀರ್ಪನ್ನು ಹೇಳಲು ಇನ್ನೂ ಸಮಯವಿರುತ್ತದೆ.